ಛರ್ರಾ ಚದುರಿದರೆ ಬಂದೂಕನ್ನು ಬೈಯಬೇಡಿ

ಹೋದ ಜನವರಿಯಲ್ಲಿ ನಮ್ಮ ಓಣಿಯ ಹುಡುಗನೊಬ್ಬ ಮನೆಗೆ ಬಂದು ಮೊಬೈಲ್ ಮುಂದೆ ಹಿಡಿದ. ಅಮೆರಿಕದ ಯಾರೋ ಒಬ್ಬರು ಮನೆಯ ಕಾರು ಶೆಡ್ಡಿನಲ್ಲಿ ಕುಳಿತು, ಒಂದು ಹಿಡಿಕೆ ಎಳೆಯುತ್ತ, ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬಿ ರೈಫಲ್ ಗುಂಡು ತಯಾರಿಸುತ್ತಿದ್ದರು. "ಸರ್, ನಿಮ್ಮ ಹತ್ತಿರ ಸೂಕ್ಷ್ಮ ಅಳತೆಯ ವರ್ನಿಯರ್ ಇದೆ, ತಕ್ಕಡಿ ಇದೆ. ನಾವೂ ಮಾಡಬಹುದಲ್ಲ?"

ಮಾಡಬಾರದು ಎಂದೆ. ಅಲ್ಲಿ ಅದು ಹವ್ಯಾಸ. ಇಲ್ಲಿ 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದೇ ಅಪರಾಧ. 2019ರ ತಿದ್ದುಪಡಿ ಶಿಕ್ಷೆಯನ್ನು ಇನ್ನಷ್ಟು ಬಿಗಿ ಮಾಡಿದೆ. ಹುಡುಗನ ಮುಖ ಸಪ್ಪಗಾಯಿತು. ನಿನ್ನ ತೊಂದರೆ ಏನು ಹೇಳು ಎಂದಾಗ ಚೀಲದಿಂದ ಒಂದು ಗುರಿಕಾಗದ ತೆಗೆದ. ಅವನದು ಏರ್ ರೈಫಲ್. ಕಾಗದದ ಮೇಲೆ ತೂತುಗಳು ಎಳ್ಳಮಾವಾಸ್ಯೆಯ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚಿದ ಹಾಗೆ ಎಲ್ಲೆಂದರಲ್ಲಿ ಬಿದ್ದಿದ್ದವು. ಅಂಗಡಿಯ ಛರ್ರಾ, ಅಂದರೆ ಏರ್ ರೈಫಲ್ಲಿನ ಸೀಸದ ಗುಂಡು, ಸರಿಯಿಲ್ಲ, ಅದಕ್ಕೇ ನಾನೇ ಗುಂಡು ತಯಾರಿಸಬೇಕು ಎನ್ನುವುದು ಅವನ ತರ್ಕ.

ನಾನು ಐಟಿಐಯಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಟ್ರೇಡ್ ಕಲಿಸಿದವನು. ಕಾಲೇಜಿನ ದಿನಗಳಲ್ಲಿ ಎನ್‌ಸಿಸಿಯ ಪಾಯಿಂಟ್ ಟೂ ಟೂ ರೈಫಲ್ ಹಿಡಿದು ಚಾಂದಮಾರಿಯಲ್ಲಿ, ಅಂದರೆ ಗುರಿ ಅಭ್ಯಾಸದ ಮೈದಾನದಲ್ಲಿ, ಮಲಗಿದ್ದೇ ನನ್ನ ಗುರಿಯ ಶಿಕ್ಷಣ. ನಿವೃತ್ತಿಯಾದ ಮೇಲೆ ಕಲಬುರಗಿಯ ನಮ್ಮ ಮನೆಯ ಮಾಳಿಗೆಯಲ್ಲಿ ಹತ್ತು ಮೀಟರ್ ಅಳೆದು ಗೆರೆ ಹೊಡೆದಿದ್ದೇನೆ. ಅಲ್ಲಿಗೆ ಬರುವ ಹುಡುಗ ಹುಡುಗಿಯರು ಮಾಡುವ ತಪ್ಪುಗಳು ಏಳೋ ಎಂಟೋ. ಎಲ್ಲವನ್ನೂ ಮೊದಲು ಮಾಡಿದವನು ನಾನೇ ಆದ್ದರಿಂದ ಬರೆಯಲು ಹಕ್ಕಿದೆ ಎಂದುಕೊಂಡಿದ್ದೇನೆ.

ಮೊದಲು ಕಾನೂನಿನ ಒಂದು ಮಾತು ಮುಗಿಸಿಬಿಡುತ್ತೇನೆ. 4.5 ಮಿಲಿಮೀಟರ್ ನಳಿಗೆಯ, ಗುಂಡಿನ ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ 2016ರ ಆಯುಧ ನಿಯಮಗಳ ಪ್ರಕಾರ ಪರವಾನಗಿ ಬೇಕಿಲ್ಲ. ಕೊಳ್ಳುವಾಗ ಗುರುತಿನ ದಾಖಲೆ ಕೊಡಬೇಕು, ರಸೀದಿ ಜೋಪಾನ ಮಾಡಬೇಕು. ಪರವಾನಗಿ ಬೇಡ ಎಂದರೆ ಆಟಿಕೆ ಎಂದಲ್ಲ. ಸೆಕೆಂಡಿಗೆ 170 ಮೀಟರ್ ಹೋಗುವ ಸೀಸದ ಚೂರು ಕಣ್ಣನ್ನು ಉಳಿಸುವುದಿಲ್ಲ. ಗಿಳಿ, ಅಳಿಲು, ಕೋತಿಗೆ ಗುರಿ ಇಡುವವನಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ನನ್ನ ಮಾಳಿಗೆಯ ಬಾಗಿಲು ಇಲ್ಲ.

ಗೋಡೆ ಮೊದಲು, ಗುರಿ ಆಮೇಲೆ

ನಮ್ಮ ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ಶಹಾಬಾದಿ ಫರಸಿ. ನೆಲಕ್ಕೆ ಅದೇ, ಕಟ್ಟೆಗೆ ಅದೇ. ಗುರಿಯ ಹಿಂದೆ ಒಂದು ಫರಸಿ ನಿಲ್ಲಿಸಿದರೆ ಮುಗಿಯಿತು ಎಂದು ನಾನೂ ಅಂದುಕೊಂಡಿದ್ದೆ. ಮೂರನೆಯ ಗುಂಡು ಚಪ್ಪಟೆಯಾಗಿ ಹಿಂದಕ್ಕೆ ಹಾರಿ ತುಳಸಿಕಟ್ಟೆಯ ಹಣತೆಗೆ ಬಡಿಯಿತು. ನಾನು ಆಗ ಹಣತೆಗಿಂತ ಎರಡು ಹೆಜ್ಜೆ ಮುಂದಿದ್ದೆ. ಗಟ್ಟಿ ಮತ್ತು ನೇರವಾದ ಯಾವ ಮೈಯೂ, ಕಲ್ಲಾಗಲಿ, ಕಾಂಕ್ರೀಟಾಗಲಿ, ಸೀಸವನ್ನು ತಿರುಗಿ ಕಳಿಸುತ್ತದೆ. ಬಿಗಿಯಾಗಿ ಎಳೆದು ಕಟ್ಟಿದ ದಪ್ಪ ರಬ್ಬರ್ ಕೂಡ ಹಾಗೆಯೇ ಮಾಡುತ್ತದೆ.

ಈಗ ಇರುವ ವ್ಯವಸ್ಥೆ ಹೀಗಿದೆ. ಒಂದು ಗಟ್ಟಿ ಮರದ ಪೆಟ್ಟಿಗೆ. ಅದರ ಹಿಂಬದಿಗೆ ಗುಜರಿಯಲ್ಲಿ ಸಿಕ್ಕ ಸಿಮೆಂಟ್ ಕಾರ್ಖಾನೆಯ ಹಳೆಯ ಕನ್ವೇಯರ್ ಬೆಲ್ಟಿನ ತುಂಡು, ಸಡಿಲವಾಗಿ ನೇತುಹಾಕಿದ್ದು. ವಾಡಿ, ಸೇಡಂ, ಮಳಖೇಡ ಕಡೆ ಕಾರ್ಖಾನೆಗಳಿರುವುದರಿಂದ ನಮಗೆ ಈ ಬೆಲ್ಟಿಗೆ ಬರವಿಲ್ಲ. ಬೆಲ್ಟಿನ ಮುಂದೆ ಒಂದು ಗೇಣು ದಪ್ಪಕ್ಕೆ ಹಳೆಯ ಸೀರೆ, ಜಮಖಾನೆಯ ಚಿಂದಿ ಒತ್ತಿ ತುಂಬಿದ ತೊಗರಿ ಚೀಲ. ಗುಂಡು ಬಟ್ಟೆಯಲ್ಲೇ ಸುಸ್ತಾಗಿ ನಿಲ್ಲುತ್ತದೆ. ತಿಂಗಳಿಗೊಮ್ಮೆ ಚೀಲ ಬಿಚ್ಚಿ ಕೊಡವಿ, ಒಂದೇ ಕಡೆ ಬಡಿದು ಹಳ್ಳವಾಗಿದ್ದರೆ ಬಟ್ಟೆ ತಿರುವಿ ಹಾಕಬೇಕು. ಗುರಿಯ ನಡು ನೆಲದಿಂದ 1.4 ಮೀಟರ್ ಎತ್ತರದಲ್ಲಿರಲಿ. ಗೆರೆಯಿಂದ ಕಾಗದಕ್ಕೆ ಹತ್ತು ಮೀಟರ್, ಟೇಪು ಹಿಡಿದು ಅಳೆದದ್ದು, ಹೆಜ್ಜೆ ಹಾಕಿ ಎಣಿಸಿದ್ದಲ್ಲ. ಹಾರಿಸುವವರಿಗೂ ನೋಡುವವರಿಗೂ ಕನ್ನಡಕ ಇರಲೇಬೇಕು. ಪಕ್ಕದ ಮಾಳಿಗೆಯವರಿಗೆ ಮೊದಲೇ ಹೇಳಿ ಇಡಿ. ಬಟ್ಟೆ ಒಣಹಾಕಲು ಯಾರಾದರೂ ಬಂದರೆ ಬಂದೂಕು ಕೆಳಗೆ.

ಹತ್ತು ಗುಂಡಿನ ಸಾಕ್ಷಿ

ಹುಡುಗರ ದೊಡ್ಡ ಅವಸರ ಎಂದರೆ ಗುರಿ ಹಿಡಿಯಲು ಬಂದೂಕಿನ ಮೇಲಿರುವ ಸೈಟಿನ ತಿರುಪು ತಿರುಗಿಸುವುದು. ಒಂದು ಗುಂಡು ಎಡಕ್ಕೆ ಬಿತ್ತು, ಬಲಕ್ಕೆ ಎರಡು ಕ್ಲಿಕ್. ಮುಂದಿನದು ಮೇಲೆ ಬಿತ್ತು, ಕೆಳಗೆ ಮೂರು ಕ್ಲಿಕ್. ಸಂಜೆಯ ಹೊತ್ತಿಗೆ ಸೈಟು ಎಲ್ಲಿತ್ತು ಎನ್ನುವುದು ಆ ಶರಣಬಸವೇಶ್ವರನಿಗೇ ಗೊತ್ತು.

ನನ್ನ ಪದ್ಧತಿ ಬೇರೆ. ಮೇಜಿನ ಮುಂದೆ ಕುಳಿತು, ಮರಳು ತುಂಬಿದ ಮೆತ್ತನೆಯ ಚೀಲದ ಮೇಲೆ ಎಡಗೈ ಇಟ್ಟು, ಆ ಅಂಗೈ ಮೇಲೆ ಬಂದೂಕು ಇಟ್ಟು, ಒಂದೇ ಜಾಗಕ್ಕೆ ಗುರಿ ಹಿಡಿದು ಹತ್ತು ಗುಂಡು. ನಡುವೆ ಯಾವುದನ್ನೂ ಮುಟ್ಟುವಂತಿಲ್ಲ. ಐದು ಗುಂಡು ಸಾಲದೇ ಎಂದು ಎಲ್ಲರೂ ಕೇಳುತ್ತಾರೆ. ಸಾಲದು. ಮೂರು ಗುಂಡು ಆಕಸ್ಮಿಕವಾಗಿ ಒಂದೇ ತೂತಿಗೆ ಹೋಗುತ್ತವೆ, ಆ ಕಾಗದವನ್ನು ಹುಡುಗ ಚೌಕಟ್ಟು ಹಾಕಿಸುತ್ತಾನೆ. ಹತ್ತು ಗುಂಡಿಗೆ ಸುಳ್ಳು ಹೇಳುವುದು ಕಷ್ಟ.

ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಇಟ್ಟು ಅಳೆದು, ಅದರಲ್ಲಿ 4.5 ಕಳೆಯಿರಿ. ನಡುವಿನಿಂದ ನಡುವಿಗೆ ಬರುವ ಆ ಅಂಕಿಯೇ ನಿಮ್ಮ ಗುಂಪು. ನನ್ನ ಸ್ಪ್ರಿಂಗ್ ಬಂದೂಕು (ಸ್ಪ್ರಿಂಗಿನ ಬಲದಿಂದ ಗಾಳಿ ಒತ್ತುವ ಏರ್ ರೈಫಲ್), ಮೇಜಿನ ಮೇಲಿಂದ, ನನ್ನ ಅರವತ್ತು ದಾಟಿದ ಕಣ್ಣಿನಲ್ಲಿ, ಒಳ್ಳೆಯ ದಿನ ಒಂಬತ್ತು ಮಿಲಿಮೀಟರ್ ಕೊಡುತ್ತದೆ. ಹುಡುಗನ ಮೊದಲ ಗುಂಪು ನಲವತ್ತಮೂರು.

ಅಂಕಿ ಎಷ್ಟು ಎನ್ನುವುದಕ್ಕಿಂತ ತೂತುಗಳ ಆಕಾರ ಹೆಚ್ಚು ಮಾತಾಡುತ್ತದೆ. ಮೇಲಿನಿಂದ ಕೆಳಕ್ಕೆ ಉದ್ದವಾಗಿ ಸಾಲುಗಟ್ಟಿದ್ದರೆ ಉಸಿರು, ಇಲ್ಲವೇ ಕೆನ್ನೆ ಪ್ರತಿ ಸಲ ಬೇರೆ ಎತ್ತರದಲ್ಲಿ ಕೂರುತ್ತಿದೆ. ಅಡ್ಡಡ್ಡ ಹರಡಿದ್ದರೆ ಬಂದೂಕು ಪಕ್ಕಕ್ಕೆ ವಾಲುತ್ತಿದೆ, ಇಲ್ಲವೇ ಮೈ ಗುರಿಯ ಕಡೆಗೆ ತಿರುಗಿಲ್ಲ. ಬಂದೂಕು ಬಲಕ್ಕೆ ವಾಲಿದರೆ ಗುಂಡು ಬಲಕ್ಕೂ ತುಸು ಕೆಳಕ್ಕೂ ಹೋಗುತ್ತದೆ. ಎರಡು ಪ್ರತ್ಯೇಕ ಗುಂಪುಗಳಾಗಿದ್ದರೆ ನನಗೆ ಸಂತೋಷ, ಏಕೆಂದರೆ ಅದು ಬಹುತೇಕ ತಿರುಪಿನ ಕತೆ. ಒಂಬತ್ತು ಒಟ್ಟಿಗಿದ್ದು ಒಂದೇ ಒಂದು ಓಡಿಹೋಗಿದ್ದರೆ, ಆ ಒಂದನ್ನು ಬಿಟ್ಟಾಗ ನಿಮಗೆ ಏನನಿಸಿತು ಎಂದು ನೆನಪಿಸಿಕೊಳ್ಳಿ. ಇದಕ್ಕಾಗಿಯೇ ನಮ್ಮಲ್ಲಿ ಒಂದು ನಿಯಮವಿದೆ. ಕಾಗದ ನೋಡುವ ಮೊದಲು ಗುಂಡು ಎಲ್ಲಿ ಹೋಯಿತೆಂದು ಗಡಿಯಾರದ ಲೆಕ್ಕದಲ್ಲಿ ಬಾಯಿಬಿಟ್ಟು ಹೇಳಬೇಕು: ಮೂರು ಗಂಟೆ, ಏಳು ಗಂಟೆ. ನೀವು ಹೇಳಿದ ಕಡೆಯೇ ಬಿದ್ದಿದ್ದರೆ ತಪ್ಪು ನಿಮ್ಮದು. ಹೇಳಿದ್ದು ಒಂದು, ಬಿದ್ದದ್ದು ಇನ್ನೊಂದು ಎಂದಾದರೆ ಮಾತ್ರ ಬಂದೂಕು ಮತ್ತು ಛರ್ರಾವನ್ನು ವಿಚಾರಣೆಗೆ ಕರೆಯಬಹುದು.

ತಿರುಪು

ಮೊದಲ ಬಂದೂಕು ಕೊಂಡ ವರ್ಷ ನಾನು ಎರಡು ತಿಂಗಳು ಗುಂಡುಗಳನ್ನು ಬೈದೆ, ಬಂದೂಕು ಮಾರಿದವನನ್ನು ಬೈದೆ, ಕೊನೆಗೆ ಬಂದೂಕು ಮಾರಲು ಹೊರಟೆ. ಕೊಳ್ಳಲು ಬಂದವನು ಅದನ್ನು ಕೈಗೆತ್ತಿಕೊಂಡು ಸ್ವಲ್ಪ ಅಲ್ಲಾಡಿಸಿ, "ಗುರುಗಳೇ, ಇದು ಕಟಕಟ ಎನ್ನುತ್ತಿದೆಯಲ್ಲ" ಎಂದ. ಮರದ ಹಿಡಿಯ ಮುಂಭಾಗದ ಎರಡೂ ತಿರುಪು ಅರ್ಧ ಸುತ್ತು ಸಡಿಲ. ಮೂವತ್ತೊಂದು ವರ್ಷ ಮಕ್ಕಳಿಗೆ ಪಾನಾ ಹಿಡಿಯಲು ಕಲಿಸಿದವನು ನಾನು! ಅವನಿಗೆ ಚಹಾ ಕುಡಿಸಿ ಕಳಿಸಿದೆ, ಬಂದೂಕು ಮಾರಲಿಲ್ಲ.

ಸ್ಪ್ರಿಂಗ್ ಬಂದೂಕಿನ ಏಟು ಮದ್ದಿನ ಬಂದೂಕಿನಂತಲ್ಲ. ಒಳಗಿನ ಪಿಸ್ಟನ್ ಮುಂದೆ ನುಗ್ಗುವಾಗ ಬಂದೂಕು ಹಿಂದೆ ಸರಿಯುತ್ತದೆ, ಪಿಸ್ಟನ್ ಗಾಳಿಯ ಮೆತ್ತೆಗೆ ಬಡಿದು ನಿಂತಾಗ ಮುಂದಕ್ಕೆ ಎಳೆಯುತ್ತದೆ. ಈ ಹಿಂದೆ ಮುಂದೆ ಎಳೆದಾಟದಲ್ಲಿ ಎಲ್ಲ ತಿರುಪೂ ಸಡಿಲವಾಗುತ್ತದೆ. ಅದರ ಮೇಲೆ ನಮ್ಮ ಕಲಬುರಗಿಯ ಬಿಸಿಲು. ಮೇ ತಿಂಗಳ 43 ಡಿಗ್ರಿಯಲ್ಲಿ ಮರ ಒಣಗಿ ಕುಗ್ಗುತ್ತದೆ, ಮಳೆಗಾಲದಲ್ಲಿ ಮತ್ತೆ ಉಬ್ಬುತ್ತದೆ. ಆದ್ದರಿಂದ ಪ್ರತಿ ಬಾರಿ ಕೂರುವ ಮೊದಲು ತಿರುಪು ಮುಟ್ಟಿ ನೋಡಿ. ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್, ಎರಡು ಬೆರಳಿನ ಬಲ ಸಾಕು. ಪೈಲ್ವಾನಗಿರಿ ತೋರಿಸಿದರೆ ಮರ ಜಜ್ಜಿಹೋಗುತ್ತದೆ. ದೂರದರ್ಶಕ ಕೂರಿಸಿದ್ದರೆ ಅದರ ಹಿಡಿಕೆಗಳನ್ನೂ ನೋಡಿ. ಅದು ಹಳಿಯ ಮೇಲೆ ಹಿಂದೆ ಜಾರುತ್ತಿದೆಯೇ ಎಂದು ತಿಳಿಯಲು ಪೆನ್ಸಿಲ್ಲಿನ ಒಂದು ಗೆರೆ ಎಳೆದಿಡಿ.

ನಳಿಗೆ ಮುರಿದು, ಅಂದರೆ ಕೀಲಿನಲ್ಲಿ ಕೆಳಕ್ಕೆ ಬಗ್ಗಿಸಿ, ಗುಂಡು ಹಾಕುವ ಬಂದೂಕಿನಲ್ಲಿ ಸಂದಿಯ ರಬ್ಬರ್ ಬಳೆಯೂ ಸವೆಯುತ್ತದೆ. ಪರೀಕ್ಷೆ ಸುಲಭ. ಸಂದಿಯ ಮೇಲೆ ಟಿಶ್ಯೂ ಕಾಗದದ ತೆಳು ಪಟ್ಟಿ ಇಟ್ಟು, ಬಂದೂಕನ್ನು ಗುರಿಯ ಕಡೆಗೇ ಹಿಡಿದು ಹಾರಿಸಿ. ಪಟ್ಟಿ ಹಾರಿದರೆ ಗಾಳಿ ಸೋರುತ್ತಿದೆ. ನಳಿಗೆ ಮುರಿದಾಗ ಅದನ್ನು ಒಂದು ಕೈಯಲ್ಲಿ ಬಿಗಿ ಹಿಡಿದುಕೊಂಡೇ ಗುಂಡು ಕೂರಿಸಬೇಕು ಎನ್ನುವುದನ್ನು ಮಾತ್ರ ಮರೆಯಬೇಡಿ. ತಪ್ಪಿ ಸ್ಪ್ರಿಂಗ್ ಬಿಟ್ಟುಕೊಂಡರೆ ನಳಿಗೆ ಅಡಕತ್ತರಿಯಂತೆ ಮುಚ್ಚುತ್ತದೆ.

ಛರ್ರಾ ಆರಿಸುವುದು

ಆ ಅಮೆರಿಕದವರಿಂದ ನಾವು ಕಲಿಯಬೇಕಾದದ್ದು ಇಲ್ಲಿದೆ. ಅವರು ಗುಂಡು ತುಂಬುವಾಗ ಪ್ರತಿಯೊಂದನ್ನೂ ತೂಗುತ್ತಾರೆ, ಒಂದೇ ಜಾತಿಯವನ್ನು ಒಟ್ಟಿಗಿಡುತ್ತಾರೆ, ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಾರೆ, ಎಲ್ಲವನ್ನೂ ಬರೆದಿಡುತ್ತಾರೆ. ಮದ್ದಿಲ್ಲದೆಯೂ ಈ ನಾಲ್ಕು ಕೆಲಸ ಮಾಡಬಹುದು, ಇದಕ್ಕೆ ಯಾವ ಸೆಕ್ಷನ್ನೂ ಅಡ್ಡ ಬರುವುದಿಲ್ಲ.

ಹುಡುಗನ ಡಬ್ಬಿ ತೆರೆದು ನೋಡಿದೆ. ಚೂಪು ತಲೆಯವು, ಗುಂಡು ತಲೆಯವು, ಚಪ್ಪಟೆ ತಲೆಯವು, ಮೂರು ಕಂಪನಿಯ ಉಳಿಕೆಗಳು ಎಲ್ಲ ಒಂದೇ ಡಬ್ಬಿಯಲ್ಲಿ, ಮಿಶ್ರ ಭಜಿಯಂತೆ. ಇನ್ನು ಗುಂಪು ಎಲ್ಲಿಂದ ಬರಬೇಕು? ಹತ್ತು ಮೀಟರಿಗೆ ಚಪ್ಪಟೆ ತಲೆಯದೇ ಸರಿ. ಕಾಗದದಲ್ಲಿ ದುಂಡನೆಯ ಸ್ಪಷ್ಟ ತೂತು ಮಾಡುತ್ತದೆ, ಅಳೆಯಲು ಅನುಕೂಲ. ಸ್ಪರ್ಧೆಯ ಛರ್ರಾ ಸುಮಾರು ಅರ್ಧ ಗ್ರಾಂ ತೂಗುತ್ತದೆ. ಒಳ್ಳೆಯ ಡಬ್ಬಿಗಳ ಮೇಲೆ ತಲೆಯ ಅಳತೆ ಬರೆದಿರುತ್ತಾರೆ: 4.49, 4.50, 4.51. ನೂರನೇ ಒಂದು ಮಿಲಿಮೀಟರಿನ ಈ ವ್ಯತ್ಯಾಸ ವ್ಯಾಪಾರಿಗಳ ಕಸರತ್ತಲ್ಲ. ಒಂದೊಂದು ನಳಿಗೆಗೆ ಒಂದೊಂದು ಅಳತೆ ಒಪ್ಪುತ್ತದೆ. ನಿಮ್ಮದಕ್ಕೆ ಯಾವುದು ಎಂದು ತಿಳಿಯಲು ನಾಲ್ಕು ಬಗೆ ತಂದು, ಪ್ರತಿಯೊಂದರಲ್ಲಿ ಮೂರು ಗುಂಪು ಹೊಡೆದು ನೋಡುವುದಲ್ಲದೆ ಬೇರೆ ದಾರಿ ಇಲ್ಲ. ದುಬಾರಿಯದೇ ಗೆಲ್ಲುತ್ತದೆ ಎಂದೂ ಇಲ್ಲ. ನನ್ನ ಬಂದೂಕು ಇಷ್ಟಪಟ್ಟದ್ದು ನಾಲ್ಕರಲ್ಲಿ ಎರಡನೆಯ ಅಗ್ಗದ್ದು.

ಬಗೆ ಬದಲಿಸಿದ ತಕ್ಷಣ ಬಂದ ಗುಂಪನ್ನು ನಂಬಬೇಡಿ. ಹಳೆಯ ಸೀಸ ನಳಿಗೆಯಿಂದ ಹೋಗಿ ಹೊಸದು ಕೂರಲು ಹತ್ತಿಪ್ಪತ್ತು ಗುಂಡು ಬೇಕು.

ಇನ್ನು ಆರಿಸುವ ಕೆಲಸ. ಮನೆಯಾಕೆ ತೊಗರಿಬೇಳೆ ಹಸನು ಮಾಡಲು ಕುಳಿತಾಗ ನಾನೂ ನನ್ನ ತಟ್ಟೆ ಹಿಡಿದು ಎದುರು ಕೂರುತ್ತೇನೆ. ಅವಳು ಕಲ್ಲು ಆರಿಸುತ್ತಾಳೆ, ನಾನು ಸೊಟ್ಟ ಲಂಗದವನ್ನು. ಛರ್ರಾದ ಹಿಂದಿನ ತೆಳು ಅಂಚಿಗೆ ಲಂಗ ಎನ್ನುವುದು ನನ್ನದೇ ಹೆಸರು. ಗಾಳಿಯ ಒತ್ತಡಕ್ಕೆ ಆ ಅಂಚು ಅರಳಿ ನಳಿಗೆಯನ್ನು ಮುಚ್ಚುತ್ತದೆ. ಅದು ನೆಗ್ಗಿದ್ದರೆ ಗಾಳಿ ಒಂದು ಪಕ್ಕದಿಂದ ಸೋರಿ ಗುಂಡನ್ನು ಓರೆಯಾಗಿ ತಳ್ಳುತ್ತದೆ. ಗಾಜಿನ ಮೇಲೆ ಹಾಕಿ ಒಂದು ಕಡೆ ಸ್ವಲ್ಪ ಎತ್ತಿದರೆ ಛರ್ರಾ ವೃತ್ತಾಕಾರವಾಗಿ ಉರುಳುತ್ತದೆ. ತಡವರಿಸಿ ಉರುಳುವುದನ್ನು ಬೇರೆ ಇಡಿ. ಚಿನ್ನದ ಕೆಲಸದವರು ಬಳಸುವಂಥ ಪುಟ್ಟ ತಕ್ಕಡಿ, 0.01 ಗ್ರಾಂ ತೋರಿಸುವಂಥದ್ದು, ಇದ್ದರೆ ತೂಗಿ. ನೂರರಲ್ಲಿ ನಾಲ್ಕೈದು ಹಗುರವೋ ಭಾರವೋ ಬರುತ್ತವೆ. ಅವೇ ಆ ಓಡಿಹೋಗುವ ಹತ್ತನೆಯ ಗುಂಡುಗಳು. ಡಬ್ಬಿಯನ್ನು ಪ್ಯಾಂಟಿನ ಜೇಬಿನಲ್ಲಿ ಹಾಕಿಕೊಂಡು ಸೈಕಲ್ ಹೊಡೆಯುವುದನ್ನು ಬಿಟ್ಟರೆ ಅರ್ಧ ಆರಿಸುವ ಕೆಲಸ ತಪ್ಪುತ್ತದೆ. ಸೀಸ ಮೃದು, ಒಂದಕ್ಕೊಂದು ಬಡಿದೇ ಸೊಟ್ಟಗಾಗುತ್ತದೆ.

ಬಿಗಿ ಹಿಡಿದಷ್ಟೂ ತಪ್ಪುತ್ತದೆ

ಎನ್‌ಸಿಸಿಯಲ್ಲಿ ನಮಗೆ ರೈಫಲನ್ನು ಹೆಗಲಿಗೆ ಬಿಗಿಯಾಗಿ ಎಳೆದುಕೊಳ್ಳಲು ಹೇಳಿಕೊಟ್ಟಿದ್ದರು. ಆ ಪಾಠ ಸ್ಪ್ರಿಂಗ್ ಬಂದೂಕಿಗೆ ನಡೆಯುವುದಿಲ್ಲ ಎಂದು ಅರಿಯಲು ನನಗೆ ಒಂದು ವರ್ಷ ಹಿಡಿಯಿತು. ಇದರಲ್ಲಿ ಪಿಸ್ಟನ್ನಿನ ಕುಲುಕಾಟ ನಡೆದಿರುವಾಗ ಗುಂಡು ಇನ್ನೂ ನಳಿಗೆಯೊಳಗೇ ಇರುತ್ತದೆ. ಬಂದೂಕು ಪ್ರತಿ ಸಲ ಒಂದೇ ರೀತಿ ಕುಲುಕಿದರೆ ಗುಂಡೂ ಒಂದೇ ಕಡೆ ಹೋಗುತ್ತದೆ. ನೀವು ಬಿಗಿ ಹಿಡಿದರೆ ಅದು ನಿಮ್ಮ ಸ್ನಾಯುವಿನ ಬಲಕ್ಕೆ ತಕ್ಕಂತೆ ಕುಲುಕುತ್ತದೆ, ಆ ಬಲ ಎರಡು ಸಲ ಒಂದೇ ಇರುವುದಿಲ್ಲ.

ಎಡ ಅಂಗೈಯನ್ನು ತಟ್ಟೆಯಂತೆ ತೆರೆದು ಅದರ ಮೇಲೆ ಬಂದೂಕು ಮಲಗಿಸಿ. ಬೆರಳು ಮಡಚಿ ಹಿಡಿಯಬೇಡಿ. ಹೆಗಲಿಗೆ ತಾಗಿದರೆ ಸಾಕು, ಒತ್ತಬೇಡಿ. ಕೆನ್ನೆ ಹಗುರವಾಗಿ ಕೂರಲಿ. ಮೇಜಿನ ಮೇಲಿನ ಗಟ್ಟಿ ಇಟ್ಟಿಗೆಗೋ ಮರಕ್ಕೋ ನೇರವಾಗಿ ಆನಿಸಿದರೆ ಬಂದೂಕು ಪುಟಿದು ಗುಂಡು ಮೇಲೆ ಹೋಗುತ್ತದೆ. ಅಂಗೈಯ ಜಾಗ ಎರಡು ಬೆರಳು ಹಿಂದೆ ಮುಂದೆ ಆದರೂ ಗುಂಪು ಜಾಗ ಬದಲಿಸುತ್ತದೆ. ಒಂದು ಜಾಗ ಗೊತ್ತುಮಾಡಿಕೊಂಡು ಮರದ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಹುಡುಗನಿಗೆ ಇದೊಂದನ್ನು ಹೇಳಿಕೊಟ್ಟ ಬೆಳಿಗ್ಗೆಯೇ ಅವನ ಗುಂಪು ನಲವತ್ತಮೂರರಿಂದ ಇಪ್ಪತ್ತಾರಕ್ಕೆ ಇಳಿಯಿತು. ಛರ್ರಾ ಅದೇ, ಬಂದೂಕು ಅದೇ.

ಸ್ಪರ್ಧೆಯವರು ಬಳಸುವ ಒತ್ತಿದ ಗಾಳಿಯ ಬಂದೂಕಿನಲ್ಲಿ ಈ ಕುಲುಕಾಟವಿಲ್ಲ. ಅದರ ಉರುಳೆಗೆ (ಸಿಲಿಂಡರಿಗೆ) 200 ಬಾರ್ ಒತ್ತಡದ ಗಾಳಿ ತುಂಬುತ್ತಾರೆ. ಉರುಳೆಗೆ ತಯಾರಕರು ಬರೆದ ಅವಧಿ ಮುಗಿದಿದ್ದರೆ ಮುಟ್ಟಬೇಡಿ, ಕಾರಿನೊಳಗೆ ಬಿಸಿಲಿಗೆ ಬಿಡಬೇಡಿ, ಗ್ಯಾರೇಜಿನ ಆಕ್ಸಿಜನ್ ಎಂದೆಂದಿಗೂ ತುಂಬಬೇಡಿ. ಆಕ್ಸಿಜನ್ನಿಗೆ ತುಸು ಎಣ್ಣೆ ತಾಗಿದರೂ ಸಿಡಿಯುತ್ತದೆ.

ಎಣ್ಣೆಯ ಹೊಗೆ

ಯಂತ್ರವೆಂದರೆ ಎಣ್ಣೆ ಹಾಕಬೇಕು, ಇದು ಫಿಟ್ಟರನ ರಕ್ತದಲ್ಲಿರುವ ರೋಗ. ಹೊಲಿಗೆ ಯಂತ್ರದ ಎಣ್ಣೆಯನ್ನು ಗಾಳಿ ಬರುವ ತೂತಿಗೆ ನಾಲ್ಕು ಹನಿ ಬಿಟ್ಟೆ. ಮುಂದಿನ ಗುಂಡಿಗೆ ಪಟಾಕಿಯ ಸದ್ದು, ನಳಿಗೆಯಿಂದ ನೀಲಿ ಹೊಗೆ, ಸುಟ್ಟ ವಾಸನೆ. ಕೆಳಗಿನಿಂದ ಮನೆಯಾಕೆ ಗಾಬರಿಯಿಂದ ಕೂಗಿದಳು. ಪಿಸ್ಟನ್ ಗಾಳಿಯನ್ನು ಗಕ್ಕನೆ ಒತ್ತಿದಾಗ ಅದು ಕಾದು ಎಣ್ಣೆ ಹೊತ್ತಿಕೊಳ್ಳುತ್ತದೆ, ಡೀಸೆಲ್ ಎಂಜಿನ್ ಕೆಲಸ ಮಾಡುವುದೂ ಹೀಗೆಯೇ. ಗುಂಡಿನ ವೇಗ ಒಂದೊಂದು ಸಲ ಒಂದೊಂದು, ಒಳಗಿನ ಸೀಲು ಸುಡುತ್ತದೆ, ಸ್ಪ್ರಿಂಗ್ ಮುರಿಯುತ್ತದೆ.

ಹೊಸ ಬಂದೂಕು ಕೂಡ ಕಾರ್ಖಾನೆಯ ಎಣ್ಣೆ ಮುಗಿಯುವವರೆಗೆ ಸ್ವಲ್ಪ ಹೊಗೆಯಾಡುತ್ತದೆ. ಮೊದಲ ನೂರೈವತ್ತು ಗುಂಡುಗಳ ಗುಂಪನ್ನು ನಾನು ಪುಸ್ತಕದಲ್ಲಿ ಬರೆಯುವುದೇ ಇಲ್ಲ. ಆಮೇಲೆ ಎಣ್ಣೆ ಕೀಲಿಗೆ ಮತ್ತು ಹೊರಗಿನ ಉಕ್ಕಿಗೆ ಮಾತ್ರ, ಬಟ್ಟೆಯಲ್ಲಿ ಒರೆಸಿದಷ್ಟು. ಗುಂಡಿಲ್ಲದೆ ಸುಮ್ಮನೆ ಹಾರಿಸುವುದೂ ಬೇಡ. ಗುಂಡಿನ ತಡೆಯಿಲ್ಲದೆ ಪಿಸ್ಟನ್ ನೇರ ಗೋಡೆಗೆ ಬಡಿಯುತ್ತದೆ.

ನಳಿಗೆ ಒಳಗೆ ಒರೆಸುವುದು ಗುಂಪು ಕೆಟ್ಟಾಗ ಮಾತ್ರ. ಹಿಂದಿನಿಂದ ಮುಂದಕ್ಕೆ ದಾರ ಹಾಯಿಸಿ ಬಟ್ಟೆ ಎಳೆಯಿರಿ. ಉಕ್ಕಿನ ಸರಳು ಮೂತಿಯಿಂದ ತುರುಕಿದರೆ ಮೂತಿಯ ಅಂಚು ಹಾಳು, ಅಲ್ಲಿಗೆ ಬಂದೂಕಿನ ಆಯುಷ್ಯ ಮುಗಿಯಿತು. ಕೋಟೆಯ ಮೇಲೆ ಮಲಗಿರುವ ಉದ್ದನೆಯ ತೋಪು ನೋಡಿ ಬೆಳೆದ ನಮ್ಮೂರಿನವರಿಗೆ ನಳಿಗೆ ಉದ್ದವಾದಷ್ಟೂ ಗುರಿ ಚೆನ್ನ ಎನ್ನುವ ನಂಬಿಕೆ. ಏರ್ ರೈಫಲ್ಲಿನಲ್ಲಿ ಉದ್ದದಿಂದ ಸಿಗುವ ಲಾಭ ಎರಡು ಸೈಟುಗಳ ನಡುವಿನ ಅಂತರ ಹೆಚ್ಚುವುದು, ಅಷ್ಟೇ.

ಈಗ ಸೈಟು ಮುಟ್ಟಬಹುದು

ಗುಂಪು ಹದಿನೈದು ಮಿಲಿಮೀಟರಿನೊಳಗೆ ಬಂದ ಮೇಲೆ, ಗುಂಪಿನ ನಡು ಎಲ್ಲಿದೆ ನೋಡಿ. ಹಿಂದಿನ ಸೈಟನ್ನು ಗುಂಡು ಹೋಗಬೇಕಾದ ಕಡೆಗೆ ಸರಿಸಬೇಕು. ಮುಂದಿನ ಸೈಟು ಸರಿಸುವುದಾದರೆ ಉಲ್ಟಾ. ಎಷ್ಟು ಸರಿಸಬೇಕು ಎನ್ನುವುದು ಏಳನೇ ತರಗತಿಯ ಅನುಪಾತದ ಲೆಕ್ಕ. ಎರಡು ಸೈಟುಗಳ ನಡುವೆ ಅರ್ಧ ಮೀಟರ್ ಇದ್ದರೆ ಹತ್ತು ಮೀಟರಿಗೆ ಇಪ್ಪತ್ತು ಪಟ್ಟು. ಗುಂಪು 12 ಮಿಲಿಮೀಟರ್ ಎಡಕ್ಕಿದ್ದರೆ ಹಿಂದಿನ ಸೈಟು ಬಲಕ್ಕೆ 0.6 ಮಿಲಿಮೀಟರ್. ಇದೇ ಲೆಕ್ಕವನ್ನು ತಿರುಗಿಸಿದರೆ ಸೈಟು ಜೋಡಿಸುವಾಗ ಕೂದಲೆಳೆಯಷ್ಟು, ಅಂದರೆ 0.1 ಮಿಲಿಮೀಟರ್, ತಪ್ಪಿದರೂ ಕಾಗದದಲ್ಲಿ ಎರಡು ಮಿಲಿಮೀಟರ್ ತಪ್ಪುತ್ತದೆ ಎಂದು ತಿಳಿಯುತ್ತದೆ. ಸ್ಪರ್ಧೆಯ ಕಾಗದದಲ್ಲಿ ಹತ್ತು ಅಂಕದ ಚುಕ್ಕಿಯ ಅಗಲ ಅರ್ಧ ಮಿಲಿಮೀಟರ್. ಗುಂಡಿನ ಅಂಚು ಅದಕ್ಕೆ ತಾಗಿದರೆ ಸಾಕು, ಎಂದರೆ ಗುಂಡಿನ ನಡು ಚುಕ್ಕಿಯ ನಡುವಿನಿಂದ ಎರಡೂವರೆ ಮಿಲಿಮೀಟರ್ ಒಳಗಿರಬೇಕು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಒಲಿಂಪಿಕ್ ಚಿನ್ನ ಗೆದ್ದ ಕೊನೆಯ ಗುಂಡಿಗೆ ಬಂದ ಅಂಕ 10.8; ಹತ್ತರೊಳಗೂ ನಡುವಿಗೆ ಹತ್ತಿರವಾದಷ್ಟೂ ದಶಮಾಂಶ ಹೆಚ್ಚು. ಅಂದರೆ ನಡುವಿನಿಂದ ಅರ್ಧ ಮಿಲಿಮೀಟರನ್ನೂ ದಾಟಿರಲಿಲ್ಲ. ನಾನು ವರ್ನಿಯರಿನಲ್ಲಿ ಅಷ್ಟು ಅಗಲ ತೆರೆದು ತೋರಿಸಿದಾಗ ಹುಡುಗರು ಸುಮ್ಮನಾಗುತ್ತಾರೆ.

ಕಣ್ಣು ಎಲ್ಲಿ ನೋಡಬೇಕು? ಮುಂದಿನ ಸೈಟು ಸ್ಪಷ್ಟ, ಗುರಿ ಮಸುಕು. ಗುರಿ ಸ್ಪಷ್ಟ ಕಾಣಬೇಕೆಂದು ಹಟ ಹಿಡಿದವರ ಸೈಟು ಅತ್ತಿತ್ತ ಹೋಗಿರುವುದು ಅವರಿಗೇ ಗೊತ್ತಾಗುವುದಿಲ್ಲ. ಉಂಗುರದ ಸೈಟಾದರೆ ಹುಡುಗರು ಅತಿ ಚಿಕ್ಕ ಉಂಗುರ ಹಾಕುತ್ತಾರೆ, ನಿಖರ ಎಂದುಕೊಂಡು. ಕಪ್ಪು ವೃತ್ತದ ಸುತ್ತ ಧಾರಾಳವಾಗಿ ಬಿಳಿ ಕಾಣುವ ಉಂಗುರವೇ ಮೇಲು. ದೂರದರ್ಶಕ ಬೇಡವೇ ಬೇಡ ಎನ್ನುವುದು ನನ್ನ ಹಟ. ಅಗ್ಗದವು ನೂರು ಗಜಕ್ಕೆಂದು ಹೊಂದಿಸಿದವು. ಹತ್ತು ಮೀಟರಿನಲ್ಲಿ ಕಣ್ಣು ಸ್ವಲ್ಪ ಸರಿದರೂ ಅದರೊಳಗಿನ ಗೀಟು ಗುರಿಯ ಮೇಲೆ ತೇಲಾಡುತ್ತದೆ. ಸ್ಪ್ರಿಂಗಿನ ಹಿಂದೆ ಮುಂದೆ ಏಟಿಗೆ ಕೆಲವು ಒಳಗೇ ಬಿಚ್ಚಿಹೋಗುತ್ತವೆ.

ಎದ್ದು ನಿಂತಾಗ

ನಿಂತು ಹಾರಿಸುವಾಗ ಗುಂಪು ಮೂರು ಪಟ್ಟು ಆಗುತ್ತದೆ, ಅಳಬೇಡಿ. ಕಾಲು ಹೆಗಲಗಲಕ್ಕೆ, ಎಡ ಮೊಣಕೈ ಪಕ್ಕೆಲುಬಿಗೆ ಅಥವಾ ಸೊಂಟದ ಎಲುಬಿಗೆ ಆನಿಸಿ. ಬಂದೂಕಿನ ಭಾರ ಎಲುಬು ಹೊರಲಿ, ಸ್ನಾಯು ಅಲ್ಲ. ಗುರಿ ಹಿಡಿದು ಕಣ್ಣು ಮುಚ್ಚಿ ಎರಡು ಉಸಿರು ಬಿಡಿ, ಕಣ್ಣು ತೆರೆಯಿರಿ. ಬಂದೂಕು ಬಲಕ್ಕೆ ನೋಡುತ್ತಿದ್ದರೆ ಕೈಯಿಂದ ತಳ್ಳಿ ತರಬೇಡಿ, ಪಾದ ತಿರುಗಿಸಿ. ಕೈಯಿಂದ ತಂದದ್ದು ಕುದುರೆ (ಟ್ರಿಗರ್) ಒತ್ತುವ ಹೊತ್ತಿಗೆ ತನ್ನ ಮೂಲ ಜಾಗಕ್ಕೆ ಹೋಗುತ್ತದೆ. ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ಬೆರಳಿನ ತುದಿಯಿಂದ ನಿಧಾನವಾಗಿ ಹಿಂದಕ್ಕೆ ಒತ್ತಿ. ಎಂಟು ಹತ್ತು ಸೆಕೆಂಡಿನೊಳಗೆ ಗುಂಡು ಹೋಗದಿದ್ದರೆ ಬಂದೂಕು ಇಳಿಸಿ. ಕಣ್ಣು ಆಗಲೇ ಹಳೆಯ ಚಿತ್ರವನ್ನು ನೋಡುತ್ತಿರುತ್ತದೆ. ಇಳಿಸುವುದಕ್ಕೆ ಹುಡುಗರಿಗೆ ಎಲ್ಲಿಲ್ಲದ ನಾಚಿಕೆ. ಗುಂಡು ಹೋದ ಮೇಲೂ ಒಂದೆರಡು ಕ್ಷಣ ಹಾಗೆಯೇ ನಿಂತಿರಿ. ತೂತು ನೋಡಲು ತಲೆ ಎತ್ತುವ ಅವಸರವೇ ಎಷ್ಟೋ ಗುಂಡುಗಳನ್ನು ಮೇಲೆ ಹಾರಿಸುತ್ತದೆ.

ಬೇಸಿಗೆಯಲ್ಲಿ ನಾವು ಬೆಳಿಗ್ಗೆ ಐದೂವರೆಗೆ ಶುರುಮಾಡಿ ಏಳೂವರೆಗೆ ಮುಗಿಸುತ್ತೇವೆ. ಆಮೇಲೆ ಮಾಳಿಗೆಯ ಫರಸಿ ಕಾಲು ಸುಡುತ್ತದೆ, ಹೆಗಲಿನ ಬೆವರಿಗೆ ಬಂದೂಕು ಜಾರುತ್ತದೆ. ಮನೆಯೊಳಗೆ ಉದ್ದನೆಯ ಪಡಸಾಲೆ ಇದ್ದವರು ಅಲ್ಲೇ ಹಾರಿಸಬಹುದು, ಆದರೆ ಕೂಲರ್ ಬಂದ್ ಮಾಡಿ. ಅರ್ಧ ಗ್ರಾಮಿನ ಛರ್ರಾಕ್ಕೂ ನೇತಾಡುವ ಕಾಗದಕ್ಕೂ ಆ ಗಾಳಿ ಸಾಕು.

ಹುಡುಗನ ಪುಸ್ತಕದಲ್ಲಿ ಈಗ ಅರವತ್ತೆರಡು ಗುಂಪುಗಳಿವೆ. ಪ್ರತಿಯೊಂದರ ಪಕ್ಕ ದಿನಾಂಕ, ಛರ್ರಾದ ಬಗೆ, ತಿರುಪು ನೋಡಿದೆನೇ, ಏನನ್ನು ಬದಲಿಸಿದೆ ಎಂಬ ನಾಲ್ಕು ಕಲಂ. ಹೋದ ಭಾನುವಾರ ಮೇಜಿನ ಮೇಲಿಂದ ಹನ್ನೊಂದು ಮಿಲಿಮೀಟರ್ ಬಂತು. ಖುಷಿಯಲ್ಲಿ ಹಾಗೆಯೇ ಕೆಳಗಿಳಿದು ರೊಟ್ಟಿಯ ಬುಟ್ಟಿಗೆ ಕೈ ಹಾಕಲು ಹೋದ. ಮನೆಯಾಕೆ ಬುಟ್ಟಿ ಎಳೆದುಕೊಂಡು ಬಚ್ಚಲ ಕಡೆ ಬೆರಳು ತೋರಿಸಿದಳು. ಸೀಸ ಹೊಟ್ಟೆಗೆ ಹೋದರೆ ವಿಷ. ಛರ್ರಾ ತುಟಿಯಲ್ಲಿ ಕಚ್ಚಿಕೊಳ್ಳುವ ಚಟ ಬಿಡಿ, ಚಿಕ್ಕ ಮಕ್ಕಳ ಕೈಗೆ ಡಬ್ಬಿ ಸಿಗದಂತೆ ಇಡಿ, ಹಾರಿಸಿದ ಮೇಲೆ ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆಯಿರಿ. ಈ ಕೆಲಸಕ್ಕೆಂದೇ ಮಾಳಿಗೆಯ ನಲ್ಲಿಯ ಮೇಲೆ ಅವಳು ಕೆಂಪು ಸಾಬೂನೊಂದನ್ನು ದಾರಕ್ಕೆ ಕಟ್ಟಿ ತೂಗುಹಾಕಿದ್ದಾಳೆ.